ಮೂರ್ತಿ ಮೇಷ್ಟ್ರ ಟವೆಲ್ಲು

ಶ್ರೀರಂಗಪಟ್ಟಣದವರಿಗೆ ತಮ್ಮ ರಾಕೆಟ್ಟಿನ ಮೇಲೆ ಬಹಳ ಹೆಮ್ಮೆ. ಕೋಟೆಯ ಕಡೆಯಿಂದ ಅದು ಬುಸುಗುಡುತ್ತ ಹಾರಿಬಂದಾಗ ಶತ್ರುಗಳ ಆನೆಗಳೆಲ್ಲ ಹಿಂದುಮುಂದು ನೋಡದೆ ಓಡಿದವಂತೆ. ಓಡಿರಬಹುದು, ಆನೆಗಳ ವಿಷಯ ನಮಗೇಕೆ? ಆದರೆ ಬಿಟ್ಟ ರಾಕೆಟ್ಟು ಇಂಥ ಜಾಗಕ್ಕೇ ಹೋಗಿ ಬಿತ್ತು ಎಂದು ಪ್ರಮಾಣ ಮಾಡಿ ಹೇಳುವವರು ಆ ಊರಿನಲ್ಲೂ ಇಲ್ಲ. ನಮ್ಮ ಕೃಷ್ಣರಾಜಪೇಟೆಯವರಿಗೆ ಆ ಅನುಮಾನವಿಲ್ಲ. ನಮ್ಮ ಬಸ್ ಸ್ಟ್ಯಾಂಡಿನಿಂದ ಹಾರುತ್ತಿದ್ದ ಅಸ್ತ್ರ ಒಂದೇ ಒಂದು. ಅದು ಗುರಿ ತಪ್ಪಿದ್ದನ್ನು ಕಂಡವರು ಪೇಟೆಯಲ್ಲಿ ಇನ್ನೂ ಹುಟ್ಟಿಲ್ಲ. ಅದು ಪಾಲಿಟೆಕ್ನಿಕ್ಕಿನ ಶ್ರೀನಿವಾಸಮೂರ್ತಿ ಮೇಷ್ಟ್ರ ಟವೆಲ್ಲು.

ಶ್ರೀರಂಗಪಟ್ಟಣದ ಬಸ್ಸು ತಿರುವಿನಲ್ಲಿ ಮೂತಿ ತೋರಿಸಿದ್ದೇ ತಡ, ಬಸ್ ಸ್ಟ್ಯಾಂಡಿನ ಜನಸಮುದ್ರದಲ್ಲಿ ಅಲೆ ಏಳುತ್ತಿತ್ತು. ಕೆಲವರು ಬಾಗಿಲಿಗೆ ಜೋತುಬೀಳುವರು, ಕೆಲವರು ಡ್ರೈವರನ ಸೀಟಿನ ಕಡೆಯಿಂದ ನುಸುಳಲು ನೋಡಿ ಬೈಸಿಕೊಳ್ಳುವರು, ಒಬ್ಬಳು ತಾಯಿ ಕೈಯಲ್ಲಿದ್ದ ಮಗುವನ್ನೇ ಕಿಟಕಿಯಿಂದ ಒಳಗಿಳಿಸಿ ಸೀಟು ಹಿಡಿಯುವಳು. ಈ ಕೋಲಾಹಲದ ನಡುವೆ ಮೇಷ್ಟ್ರು ಕಂಬದ ಪಕ್ಕ ಶಾಂತಮೂರ್ತಿಯಾಗಿ ನಿಂತು ಹೆಗಲಿನ ಟವೆಲ್ಲನ್ನು ತೆಗೆದು, ಎರಡು ಮಡಿಕೆ ಮಾಡಿ, ಕಣ್ಣು ಕಿರಿದಾಗಿಸಿ ಎಸೆಯುವರು. ಅದು ಮೂರು ತಲೆ, ಒಂದು ಹೂವಿನ ಕುಕ್ಕೆ ದಾಟಿ, ಎಡಗಡೆಯ ಮೂರನೆಯ ಕಿಟಕಿಯ ಕಂಬಿಗಳ ನಡುವೆ ತೂರಿ, ಒಳಗಿನ ಸೀಟಿನ ಮೇಲೆ ಹಾಸಿದ ಹಾಗೆ ಬಿಚ್ಚಿಕೊಂಡು ಮಲಗುವುದು. ಈ ವಿದ್ಯೆ ಕಲಿಯಲು ನಾಗಮಂಗಲದ ಕಡೆಯಿಂದ ಒಬ್ಬಾತ ಬಂದಿದ್ದನೆಂದೂ, ಅವನ ಟವೆಲ್ಲು ಒಂದು ಕಿಟಕಿಯಲ್ಲಿ ಹೊಕ್ಕು ಎದುರಿನ ಕಿಟಕಿಯಲ್ಲಿ ಹೊರಬಿದ್ದು ಎಳನೀರು ಮಾರುವವನ ತಲೆಗೆ ಪೇಟವಾಯಿತೆಂದೂ ಪ್ರತೀತಿ ಇದೆ.

ಟವೆಲ್ಲು ಬಿದ್ದ ಸೀಟು ಟವೆಲ್ಲಿನವರದು. ಇದು ಯಾವ ಕಾನೂನಿನಲ್ಲೂ ಇಲ್ಲ. ಮೊಳ ಗದ್ದೆಗಾಗಿ ಅಣ್ಣತಮ್ಮಂದಿರು ಕೋರ್ಟಿಗೆ ಅಲೆಯುವ ನಮ್ಮ ತಾಲ್ಲೂಕಿನಲ್ಲಿ, ಪರರ ಟವೆಲ್ಲನ್ನು ಎತ್ತಿಟ್ಟು ಕೂತ ಪಾಪಿ ಮಾತ್ರ ಒಬ್ಬನೂ ಸಿಗುವುದಿಲ್ಲ.

"ಇದನ್ನ ಯಾರು ಕಲಿಸಿದ್ರು ಹೇಳಿ ನೋಡೋಣ?" ಎಂದು ಮೇಷ್ಟ್ರು ತಮ್ಮ ಮಕ್ಕಳನ್ನು ಕೇಳುತ್ತಿದ್ದರು. ಮಕ್ಕಳು ಅಂದರೆ ಡಿಪ್ಲೊಮಾ ವಿದ್ಯಾರ್ಥಿಗಳು. ಮೇಷ್ಟ್ರು ಕಲಿಸುತ್ತಿದ್ದದ್ದು ಪ್ರಾಡಕ್ಟ್ ಡಿಸೈನು, ಅಂದರೆ ದಿನಬಳಕೆಯ ವಸ್ತುವೊಂದು ಹೇಗಿದ್ದರೆ ಚೆನ್ನ ಎಂದು ಯೋಚಿಸಿ ಅದನ್ನು ರೂಪಿಸುವ ವಿದ್ಯೆ. ಕ್ಲಾಸು ನಡೆಯುತ್ತಿದ್ದದ್ದು ಶನಿವಾರ, ಇದೇ ಬಸ್ಸಿನಲ್ಲಿ, ಪೇಟೆಯಿಂದ ಶ್ರೀರಂಗಪಟ್ಟಣದವರೆಗೆ. "ಯಾರೂ ಕಲಿಸಿಲ್ಲ. ಕೈ ತಾನೇ ಕಲಿತುಕೊಂಡಿದೆ. ಜನರನ್ನ ಕೇಳಬೇಡ್ರಪ್ಪ, ಕೇಳಿದ್ರೆ ಬಾಯಿ ಉತ್ತರ ಕೊಡುತ್ತೆ. ಕೈ ನೋಡಿ. ಕೈಗೆ ಸುಳ್ಳು ಹೇಳೋಕೆ ಬರಲ್ಲ."

ಹಾಗಾಗಿ ಪೇಟೆಯ ಬಸ್ಸಿನಲ್ಲಿ ಒಂದು ಹಿಂಡು ಹುಡುಗ ಹುಡುಗಿಯರು ಜನರ ಕೈಗಳನ್ನೇ ದುರುಗುಟ್ಟಿ ನೋಡುತ್ತ ಕೂರುತ್ತಿದ್ದರು. ಟಿಕೆಟ್ಟನ್ನು ಗಡಿಯಾರದ ಪಟ್ಟಿಗೆ ಸಿಕ್ಕಿಸುವವರು, ಚಪ್ಪಲಿ ಬಿಟ್ಟು ಅದರ ಮೇಲೇ ಕೂರುವವರು, ಕೈಚೀಲದ ಹಿಡಿಯನ್ನು ಕಾಲ್ಬೆರಳಿಗೆ ಸುತ್ತಿಕೊಂಡು ನಿದ್ದೆ ಹೋಗುವವರು. ತಾವೇನು ಮಾಡುತ್ತಿದ್ದೇವೆಂದು ಅವರಾರಿಗೂ ಗೊತ್ತಿಲ್ಲ. ಶ್ರೀರಂಗಪಟ್ಟಣದಲ್ಲಿ ಇಳಿದು, ಟೀ ಅಂಗಡಿಯ ಬೆಂಚಿನ ಮೇಲೆ ಪ್ರತಿಯೊಬ್ಬರೂ ತಾವು ಕಂಡ ಒಂದನ್ನು ಹೇಳಬೇಕು. ಕಂಡವರ ಹೆಸರು ಹೇಳಕೂಡದು, ಕಂಡದ್ದನ್ನು ಮುಚ್ಚಿಡಕೂಡದು. ಆಮೇಲೆ ಮೇಷ್ಟ್ರ ಪ್ರಶ್ನೆ: "ಸರಿ, ಅದಕ್ಕೇನು ಮಾಡ್ತೀಯ?"

ಕಿಶನ್ ಎಂಬ ಹುಡುಗ ಡೇರಿಗೆ ಹಾಲು ತರುವ ಹೆಂಗಸರು ಕ್ಯಾನಿನ ಮುಚ್ಚಳವನ್ನು ಕಂಕುಳಲ್ಲಿ ಅವುಚಿಕೊಂಡು ಹಾಲು ಸುರಿಯುವುದನ್ನು ಕಂಡು, ಕ್ಯಾನಿನ ಕಿವಿಗೇ ತೂಗುಬೀಳುವ ಮುಚ್ಚಳ ಮಾಡಿದ. ಅವನ ತಾಯಿ ಅದನ್ನು ಮೆಚ್ಚಿ, ತೂಗುಹಾಕಿ, ಮಾರನೆಯ ದಿನ ಮತ್ತೆ ಕಂಕುಳಲ್ಲೇ ಅವುಚಿಕೊಂಡಳು. "ಅದನ್ನೂ ನೋಡಿದೆ ತಾನೆ? ಇನ್ನೊಂದು ಮಾಡು" ಎಂದರು ಮೇಷ್ಟ್ರು.

ಮೇಷ್ಟ್ರು ಹುಟ್ಟಾ ಹೀಗಿರಲಿಲ್ಲ. ಮೊದಲು ಅವರೂ ಎಲ್ಲರ ಹಾಗೆ ಬೋರ್ಡಿನ ಮೇಲೆ ಕುರ್ಚಿಯ ಚಿತ್ರ ಬರೆದು, ಮಕ್ಕಳು ನಿಜವಾದ ಕುರ್ಚಿಯಲ್ಲಿ ತೂಕಡಿಸುವಂತೆ ಪಾಠ ಮಾಡುತ್ತಿದ್ದವರೇ. ಟವೆಲ್ಲು ಎಸೆಯುವುದಂತೂ ಅವರ ಕುಲಕ್ಕೇ ಆಗದ ಮಾತು. ದೇವಸ್ಥಾನದ ಪೂಜೆಯ ಮನೆತನ. ಬಸ್ಸು ತುಂಬಿದ್ದರೆ ಮುಂದಿನದಕ್ಕೆ ಕಾಯುವುದು, ಅದೂ ತುಂಬಿದ್ದರೆ ಮನೆಗೆ ಹೋಗಿ ಊಟ ಮಾಡುವುದು ವಂಶದ ಪದ್ಧತಿ.

ಅದನ್ನು ಕೆಡಿಸಿದ್ದು ಅವರ ಹೆಂಡತಿ ಪುಟ್ಟಲಕ್ಷ್ಮಿಯ ಕಾಯಿಲೆ. ಆಕೆ ನಾಗಮಂಗಲದ ಹೆಣ್ಣು. ಬಾಯಿ ಜೋರು, ಕಣ್ಣು ಬಾಯಿಗಿಂತ ಜೋರು. ಮೂತ್ರಪಿಂಡಗಳು ಕೈಕೊಟ್ಟು, ಡಯಾಲಿಸಿಸ್ಸಿಗೆ ಸರದಿ ಸಿಕ್ಕಿದ್ದು ಶ್ರೀರಂಗಪಟ್ಟಣದಲ್ಲಿ. ವಾರಕ್ಕೆ ಎರಡು ಸಲ ಹೋಗಬೇಕು. ಸೂಜಿ ಚುಚ್ಚಲೆಂದು ಎಡಗೈಯ ರಕ್ತನಾಳಕ್ಕೆ ಆಪರೇಷನ್ ಮಾಡಿದ್ದರು; ಆ ಕೈಗೆ ಏಟು ತಗುಲಬಾರದು, ಯಾರೂ ಒತ್ತಬಾರದು. ನಮ್ಮ ಬಸ್ಸಿನಲ್ಲಿ ಮನುಷ್ಯರ ಎಡಗೈಯನ್ನು ಯಾರೂ ಒತ್ತದ ಜಾಗ ಒಂದೇ, ಎಡಗಡೆಯ ಎರಡು ಜನರ ಸೀಟಿನಲ್ಲಿ ಕಿಟಕಿಯ ಪಕ್ಕ. ಮೊದಲ ದಿನ ಅದು ಸಿಗಲಿಲ್ಲ. ಆಕೆ ಪಾಂಡವಪುರದವರೆಗೂ ಎಡಗೈ ಮೇಲೆತ್ತಿಕೊಂಡು ನಿಂತೇ ಹೋದರು. "ನೋಡಿ, ಟ್ರಾಫಿಕ್ ಪೊಲೀಸಿನ ಕೆಲಸ ಸಿಕ್ತು ನಂಗೆ" ಎಂದು ನಕ್ಕರು. ಮೇಷ್ಟ್ರು ನಗಲಿಲ್ಲ. ಮುಂದಿನ ಸಲ ಟವೆಲ್ಲು ತಂದರು.

ಮೊದಮೊದಲು ಅದು ಚಕ್ರದ ಕೆಳಗೆ ಬಿತ್ತು, ಚರಂಡಿಗೆ ಬಿತ್ತು. ಇದು ದಂತಕಥೆಗೆ ಸೇರುವುದಿಲ್ಲ, ಓದಿ ಮರೆತುಬಿಡಿ. "ಏನ್ರೀ ಇದು, ಟವೆಲ್ಲೋ ಗಾಳಿಪಟಾನೋ? ಕೊಡಿ ಇಲ್ಲಿ" ಎಂದು ಪುಟ್ಟಲಕ್ಷ್ಮಿ ಅದನ್ನು ಕಿತ್ತುಕೊಂಡು, ಹಳೆಯ ಶರ್ಟುಗಳ ಗುಂಡಿಗಳನ್ನು ಒಂದು ಮೂಲೆಗೆ ಸೇರಿಸಿ ಮಡಿಸಿ ಹೊಲಿದುಕೊಟ್ಟರು. ತೂಕ ಬಂತು. ಟವೆಲ್ಲು ದಾರಿ ಕಂಡುಕೊಂಡಿತು.

ಬಸ್ಸಿನಲ್ಲಿ ಮೇಷ್ಟ್ರಿಗೆ ಒಂದೇ ಕೆಲಸ, ಹೆಂಡತಿಯ ಮುಖ ನೋಡುತ್ತ ಕೂರುವುದು. ಬಿಳಚಿಕೊಂಡಳೇ, ಬೆವರಿದಳೇ ಎಂದು. ಆಕೆಗೆ ಅದು ಸಾಕಾಗಿ ಹೋಯಿತು.

"ನನ್ನನ್ನೇನು ನೋಡ್ತೀರಿ? ಓಡಿಹೋಗ್ತೀನಾ ನಾನು? ಜನಾನ ನೋಡಿ. ಅಲ್ಲಿ, ಟೀ ಅಂಗಡಿ ಮುಂದೆ ನೋಡಿ. ಆ ಮನುಷ್ಯ ಕುಡಿಯೋಕೆ ಮುಂಚೆ ಲೋಟದ ಅಂಚನ್ನ ಹೆಬ್ಬೆಟ್ಟಿನಲ್ಲಿ ಒರೆಸ್ತಾನೆ. ಲೋಟಕ್ಕಿಂತ ಹೆಬ್ಬೆಟ್ಟೇ ಕೊಳೆ!"

ಮೇಷ್ಟ್ರು ನೋಡಿದರು. ಆ ಮನುಷ್ಯನ ಪಕ್ಕದವನೂ ಒರೆಸಿದ.

"ಅವನಿಗೆ ಗೊತ್ತಾ, ತಾನು ಒರೆಸ್ತಿದೀನಿ ಅಂತ?"

"ಗೊತ್ತಿದ್ರೆ ಹೆಬ್ಬೆಟ್ಟು ತೊಳ್ಕೊಂಡು ಒರೆಸ್ತಿದ್ದ" ಎಂದರು ಪುಟ್ಟಲಕ್ಷ್ಮಿ.

ಶ್ರೀನಿವಾಸಮೂರ್ತಿ ಮೇಷ್ಟ್ರ ಇಡೀ ವಿದ್ಯೆ ಹುಟ್ಟಿದ್ದು ಇಲ್ಲಿ. ಆಕೆ ಕಿಟಕಿಯಿಂದ ತೋರಿಸುವುದು, ಇವರು ನೋಡುವುದು. ಹೋಗುವಾಗ ಆಕೆಯದೇ ಪಾಠ. ಬರುವಾಗ ಆಕೆಗೆ ಕಣ್ಣು ಬಿಡಲೂ ಶಕ್ತಿ ಇರುತ್ತಿರಲಿಲ್ಲ, ನಿದ್ದೆ ಹೋಗಿಬಿಡುತ್ತಿದ್ದರು. ರಸ್ತೆಯುಬ್ಬು ಬಂದಾಗ ಹಣೆ ಮುಂದಿನ ಸೀಟಿನ ಕಬ್ಬಿಣದ ಕಂಬಿಗೆ ಬಡಿಯದ ಹಾಗೆ ಮೇಷ್ಟ್ರ ಎಡಗೈ ಹೋಗಿ ಕಂಬಿಯನ್ನು ಮುಚ್ಚುತ್ತಿತ್ತು. ಆಕೆಯ ಹಣೆ ಬಂದು ಅಂಗೈಗೆ ತಗುಲುತ್ತಿತ್ತು. ಆಕೆಗೆ ಎಚ್ಚರವಾಗುತ್ತಿರಲಿಲ್ಲ.

ಒಂದು ಆಷಾಢದಲ್ಲಿ ಪುಟ್ಟಲಕ್ಷ್ಮಿ ಹೋದರು. ಇಲ್ಲಿ ಸೇರಿಸಲು ತಮಾಷೆಯ ಮಾತು ಯಾವುದೂ ಇಲ್ಲ.

ಬಹಳ ದಿನ ಮೇಷ್ಟ್ರು ಬಸ್ ಸ್ಟ್ಯಾಂಡಿನ ಕಡೆ ಬರಲಿಲ್ಲ. ಆಮೇಲೊಂದು ಶನಿವಾರ ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಬಂದರು. ಬಸ್ಸು ಬಂತು. ಟವೆಲ್ಲು ಹಾರಿತು. ಎಡಗಡೆ, ಮೂರನೆಯ ಕಿಟಕಿ, ಸ್ವಲ್ಪವೂ ಆಚೀಚೆ ಇಲ್ಲ. ಮೇಷ್ಟ್ರು ಹತ್ತಿ ಬಂದು ಟವೆಲ್ಲಿನ ಪಕ್ಕ, ನಡೆದಾಡುವ ದಾರಿಯ ಕಡೆ ಕೂತರು. ಕಿಟಕಿಯ ಜಾಗ ಖಾಲಿ.

ಕಂಡಕ್ಟರ್ ದೇವಯ್ಯ ಬಂದ. "ಟಿಕೆಟ್ ಸಾ?"

"ಶ್ರೀರಂಗಪಟ್ಟಣ. ಒಂದು."

ಬಾಯಿಗೆ ಗೊತ್ತಿತ್ತು. ಒಂದು ಎಂದು ಅದು ಸರಿಯಾಗಿಯೇ ಹೇಳಿತು. ಕೈಗೆ ಯಾರೂ ಹೇಳಿರಲಿಲ್ಲ.

ಅಷ್ಟರಲ್ಲಿ ಒಬ್ಬಾತ ಬಂದು ಖಾಲಿ ಜಾಗಕ್ಕೆ ನುಗ್ಗಲು ನೋಡಿದ. ಮಕ್ಕಳಿಗೆ ಏನೋ ವಿವರಿಸುತ್ತಿದ್ದ ಮೇಷ್ಟ್ರು ಅವನನ್ನು ನೋಡಲೂ ಇಲ್ಲ. ಅವರ ಕೈ ಮಾತ್ರ ಟವೆಲ್ಲಿನ ಮೇಲೆ ಹೋಗಿ ಅದರ ಸುಕ್ಕು ಸವರಿತು. ದೇವಯ್ಯ ಹಿಂದಿನಿಂದ ಕೂಗಿದ: "ಏಯ್, ಅಲ್ಲಿ ಜನ ಅವ್ರೆ ಕಣ್ಲಾ. ಇಂದಕ್ಕೋಗು."

ಸಿಂಧಘಟ್ಟದ ನಂಜಪ್ಪ ನಮ್ಮ ಬಸ್ಸಿನ ಖಾಯಂ ವಕೀಲ. ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎಂದರೂ ಅಡ್ಡಪ್ರಶ್ನೆ ಹಾಕುವವನು. "ಎಲ್ಲವ್ರಲಾ ಜನ ದೇವಯ್ಯ? ನಂಗೇನ್ ಕಣ್ ಕಾಣಕಿಲ್ವಾ?" ಎಂದು ಎದ್ದ. ದೇವಯ್ಯ ಸುಮ್ಮನೆ ಅವನ ಮುಖ ನೋಡಿದ. ನಂಜಪ್ಪ ಟವೆಲ್ಲು ನೋಡಿದ, ಮೇಷ್ಟ್ರನ್ನು ನೋಡಿದ, ಕೂತುಕೊಂಡ. ಮುಂದಿನ ಸ್ಟಾಪಿನಲ್ಲಿ ಹತ್ತಿದವನಿಗೆ ಕೂಗಿದ್ದು ಅವನೇ: "ಯೋಯ್, ಅದ್ ಬ್ಯಾಡ! ಅಲ್ಲಿ ಜನ ಅವ್ರೆ."

ಅಂದಿನಿಂದ ಅದು ಬಸ್ಸಿನ ಶಾಸನವಾಯಿತು. ಹೆಂಗಸರಿಗೆ ಟಿಕೆಟ್ಟು ಉಚಿತವಾಗಿ ಬಸ್ಸಿನಲ್ಲಿ ಉಸಿರಾಡಲೂ ಸರದಿ ನಿಲ್ಲಬೇಕಾದ ಕಾಲದಲ್ಲಿ, ಶನಿವಾರದ ಬಸ್ಸಿನಲ್ಲಿ ಒಂದು ಕಿಟಕಿ ಸೀಟು ಮಾತ್ರ ಖಾಲಿ ಹೋಗಿ ಖಾಲಿ ಬರುತ್ತಿತ್ತು. ಲೋಕದ ಕೈಗಳನ್ನೆಲ್ಲ ಓದಿದ ಮೇಷ್ಟ್ರು ತಮ್ಮ ಕೈಯೊಂದನ್ನು ಓದಿರಲಿಲ್ಲ. ಓದಿಸುವ ಮನಸ್ಸು ನಮಗೆ ಯಾರಿಗೂ ಇರಲಿಲ್ಲ.

ಮನಸ್ಸಿನ ಪ್ರಶ್ನೆಯೇ ಇಲ್ಲದೆ ಬಂದವಳು ಪವಿತ್ರ. ಶೀಳನೆರೆಯ ಕಡೆಯ ಹುಡುಗಿ, ಆ ವರ್ಷ ಹೊಸದಾಗಿ ಸೇರಿದವಳು. ಹಸು ಒದ್ದರೆ ತಿರುಗಿ ಹಸುವಿಗೇ ಬುದ್ಧಿ ಹೇಳುವ ಜಾತಿ. ಮೇಷ್ಟ್ರ ಮನೆಯ ಕತೆ ಅವಳಿಗೆ ಯಾರೂ ಹೇಳಿರಲಿಲ್ಲ.

ಅವರೆಕಾಯಿಯ ಕಾಲ. ಬೆಟ್ಟಮ್ಮ ಎಂಬ ಮುದುಕಿ ಶ್ರೀರಂಗಪಟ್ಟಣದಲ್ಲಿರುವ ಮಗಳಿಗೆಂದು ಒಂದು ಚೀಲ ಅವರೆಕಾಯಿ ಹೊತ್ತು ಪೇಟೆಯಲ್ಲಿ ಬಸ್ಸು ಹತ್ತಿದಳು. ನೇರ ಮೇಷ್ಟ್ರ ಸೀಟಿಗೇ ಬಂದಳು.

"ಸ್ವಾಮಿ, ವಸಿ ಜರುಗಿ. ನಂಗೆ ಕಿಟಕಿ ಬೇಕು. ಬಸ್ಸತ್ತುದ್ರೆ ವಾಂತಿ ಬತ್ತದೆ."

ಮೇಷ್ಟ್ರು ಕಿಶನ್ ಜೊತೆ ಮಾತಿನಲ್ಲಿದ್ದರು. ಕೈ ಟವೆಲ್ಲನ್ನು ಸವರಿತು.

"ಅವ್ವೋ, ಅಲ್ಲಿ ಜನ ಅವ್ರೆ, ಇತ್ಲಾಗ್ ಬಾ" ಎಂದು ದೇವಯ್ಯ ಕೂಗಿದ.

"ಎಲ್ಲವ್ರಪ್ಪ? ಟವಲ್ ಅದೆ, ಜನ ಇಲ್ವಲ್ಲ!"

"ಬತ್ತಾರೆ ಬುಡವ್ವ!" ಎಂದು ನಂಜಪ್ಪನೂ ಸೇರಿಕೊಂಡ.

ಕಿಶನ್ ಎದ್ದು ಬಲಗಡೆಯ ತನ್ನ ಸೀಟು ಕೊಟ್ಟ. ಅದು ಕಿಟಕಿಯಿಂದ ದೂರ. ಬೆಟ್ಟಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು. ಚಿನಕುರಳಿ ತಲುಪುವ ಹೊತ್ತಿಗೆ ಕಿಶನ್‌ನ ಹೊಸ ಶೂಗಳಿಗೆ ಅಭಿಷೇಕವಾಯಿತು.

"ಯೋಳ್ನಿಲ್ವಾ ಮಗ, ಕಿಟಕಿ ಬೇಕು ಅಂತ?" ಎಂದು ಬೆಟ್ಟಮ್ಮ ಅವನನ್ನೇ ಬೈದಳು.

ಬಸ್ಸೆಲ್ಲ ಮೂಗು ಮುಚ್ಚಿಕೊಂಡು ನಕ್ಕಿತು. ಪವಿತ್ರ ನಗಲಿಲ್ಲ. ಅವಳು ಖಾಲಿ ಸೀಟನ್ನೂ ಅದರ ಪಕ್ಕದ ಮೇಷ್ಟ್ರನ್ನೂ ನೋಡುತ್ತ ಕೂತಳು. ಮೇಷ್ಟ್ರು ಕಲಿಸಿದ ಹಾಗೆಯೇ, ಮುಖ ಬಿಟ್ಟು ಕೈ ನೋಡಿದಳು.

ಶ್ರೀರಂಗಪಟ್ಟಣದ ಟೀ ಅಂಗಡಿಯ ಬೆಂಚು. ಬಸ್ಸು ವಾಪಸು ಹೊರಡುವವರೆಗೆ ದೇವಯ್ಯನೂ ಲೋಟ ಹಿಡಿದು ಅಲ್ಲೇ ನಿಂತಿದ್ದ. ನಾವು ಕೆಲವರೂ ಇದ್ದೆವು. ಒಬ್ಬೊಬ್ಬರೇ ಹೇಳಿ ಮುಗಿಸಿ ಪವಿತ್ರಳ ಸರದಿ ಬಂತು. ಜಗಳಕ್ಕೆ ನಿಂತವಳ ಹಾಗೆ ಎದ್ದಳು.

"ಸಾರ್, ಒಬ್ರು ಎರಡು ಸೀಟು ಇಡ್ಕೋತಾರೆ. ಕೂರೋದು ಒಬ್ರೇ. ವಯಸ್ಸಾದವ್ರು ಬಂದು ಕೇಳುದ್ರೂ ಬುಡಲ್ಲ."

ದೇವಯ್ಯನ ಲೋಟ ಬಾಯಿಯ ಹತ್ತಿರವೇ ನಿಂತಿತು. "ಏಯ್ ತಾಯಿ, ಬೇರೆ ಯೋಳು" ಎಂದ.

"ಕಂಡದ್ದನ್ನ ಮುಚ್ಚಿಡಬಾರ್ದು ಅಂತ ಸಾರೇ ಹೇಳವ್ರೆ ಕಣಣ್ಣ."

"ಹೇಳಲಿ ಬಿಡು ದೇವಯ್ಯ. ಆ ಮನುಷ್ಯ ಏನು ಮಾಡ್ತಾನಮ್ಮ?" ಎಂದರು ಮೇಷ್ಟ್ರು, ಹುರುಪಿನಿಂದ. ಇಂಥ ಅಪರೂಪದ ಪ್ರಾಣಿ ತಮ್ಮ ಬಸ್ಸಿನಲ್ಲೇ ಇರುವುದು ಕೇಳಿ ಅವರಿಗೆ ಸಂತೋಷವೇ ಆಗಿತ್ತು.

"ಯಾರಾದ್ರೂ ಹತ್ರ ಬಂದ್ರೆ ಸೀಟು ಸವರ್ತಾರೆ. ಬಿಸಿಲು ಬಂದ್ರೆ ಆ ಕಡೆ ಕಿಟಕಿ ಎಳೀತಾರೆ. ಬಿಸಿಲು ಅವ್ರ ಮೇಲೆ ಬೀಳ್ತಾನೇ ಇಲ್ಲ ಸಾರ್, ಖಾಲಿ ಸೀಟಿನ ಮೇಲೆ ಬೀಳ್ತದೆ. ಆಮೇಲೆ ರೋಡಲ್ಲಿ ಅಂಪ್ಸು ಬಂದಾಗ..." ಪವಿತ್ರಳ ದನಿಯಲ್ಲಿದ್ದ ಜಗಳ ಎಲ್ಲೋ ಸೋರಿಹೋಗತೊಡಗಿತ್ತು. "ಅಂಪ್ಸು ಬಂದಾಗ ಅವ್ರ ಎಡಗೈ ಓಗಿ ಮುಂದಿನ ಕಂಬಿ ಮುಚ್ಕೊತದೆ. ಅವ್ರ ಮುಂದಿನ ಕಂಬಿ ಅಲ್ಲ ಸಾರ್. ಪಕ್ಕದ್ದು. ಯಾರ್ದೋ ತಲೆ ಬಡೀಬಾರ್ದು ಅಂತ ಇಡೀತಾರಲ್ಲ, ಅಂಗೆ. ಇಳಿಯುವಾಗ ಅವ್ರು ಎದ್ದು ಒಂದೆಜ್ಜೆ ಇಂದಕ್ಕೆ ಸರಿದು ನಿಂತ್ಕೋತಾರೆ. ಒಳಗಿನವ್ರು ಮೊದ್ಲು ಓಗ್ಲಿ ಅನ್ನೋ ಅಂಗೆ. ಆಮೇಲೆ..."

ಅವಳು ಅಲ್ಲಿಗೆ ನಿಂತಳು. ತಾನು ಏನನ್ನು ಹೇಳುತ್ತಿದ್ದೇನೆಂದು ಅವಳಿಗೆ ಆಗ ತಿಳಿಯಿತು. ಸುತ್ತಲಿದ್ದವರ ಮುಖ ನೋಡಿದಳು. ನಂಜಪ್ಪ, ಹುಟ್ಟಿದಾಗಿನಿಂದ ಮೊದಲ ಬಾರಿಗೆ, ಯಾವ ಪ್ರಶ್ನೆಯನ್ನೂ ಹಾಕದೆ ನೆಲ ನೋಡುತ್ತಿದ್ದ.

ಮೇಷ್ಟ್ರು ತಮ್ಮ ಎಡಗೈಯನ್ನು ಎತ್ತಿ ನೋಡಿಕೊಂಡರು. ಬೇರೆ ಯಾರೋ ಮರೆತು ಬಿಟ್ಟುಹೋದ ವಸ್ತುವನ್ನು ನೋಡುವ ಹಾಗೆ. ಅಂಗೈ ತಿರುಗಿಸಿದರು, ಮತ್ತೆ ತಿರುಗಿಸಿದರು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೇಲೆ ಬಲಗೈ ಮುಚ್ಚಿದರು.

"ವಾಂತಿ ಮಾಡ್ಕೊಂಡ್ರಲ್ಲ, ಆ ಅಮ್ಮ," ಎಂದರು. "ಅವರು ಕಿಟಕಿ ಕೇಳಿದ್ದು ನನ್ನನ್ನಾ?"

ಪವಿತ್ರ ತುಟಿ ಕಚ್ಚಿಕೊಂಡು ಹೌದೆಂದು ತಲೆ ಆಡಿಸಿದಳು.

ಈ ಬೆಂಚಿನ ಮೇಲೆ ಎಂದೂ ತಪ್ಪದ ಪ್ರಶ್ನೆ, ಅದಕ್ಕೇನು ಮಾಡ್ತೀಯ ಎಂಬುದು, ಅಂದು ಬರಲೇ ಇಲ್ಲ. ಕಿಶನ್ ತಾನೇ ಕೇಳಿಬಿಟ್ಟ: "ಅದಕ್ಕೇನು ಮಾಡ್ಬೋದು ಸಾರ್?"

"ಟೀ ಆರಿಹೋಯ್ತು, ಕುಡೀರಿ" ಎಂದರು ಮೇಷ್ಟ್ರು.

ಅವರು ಆಚೆ ಹೋದ ಮೇಲೆ ದೇವಯ್ಯ ಪವಿತ್ರಳ ಮೇಲೆ ಎಗರಿದ. "ಬಾಯ್ ಮುಚ್ಕೊಂಡಿರಕ್ಕಾಗ್ನಿಲ್ವಾ ನಿಂಗೆ? ಇಷ್ಟ್ ದಿನ ಇಡೀ ಬಸ್ಸು ಮುಚ್ಕೊಂಡಿತ್ತಲ್ಲ!"

"ನಂಗೊತ್ತಿರ್ಲಿಲ್ಲ ಕಣಣ್ಣ," ಎಂದು ಅವಳು ಅತ್ತಳು. "ಯಾರೂ ಯೋಳ್ನೇ ಇಲ್ಲ."

"ಯೋಳಕ್ಕೇನದೆ ಅದ್ರಲ್ಲಿ," ಎಂದ ದೇವಯ್ಯ. ಅವನ ಕೋಪವೂ ಅಷ್ಟಕ್ಕೇ ಮುಗಿಯಿತು. ಲೋಟ ಇಟ್ಟು ಸೀಟಿ ಬಾಯಿಗೆ ಹಾಕಿಕೊಂಡು ಬಸ್ಸನ್ನು ಹಿಂದಕ್ಕೆ ತರಿಸಲು ಹೋದ.

ಬಸ್ಸು ಬಂದು ನಿಲ್ಲುವ ಮೊದಲೇ ಜನಸಮುದ್ರದಲ್ಲಿ ಅಲೆ ಎದ್ದಿತು. ನಾವು ಮಾತ್ರ ಬಾಗಿಲಿಗೆ ನುಗ್ಗದೆ ಮೇಷ್ಟ್ರನ್ನೇ ನೋಡುತ್ತ ನಿಂತೆವು. ಸೀಟು ಹೋದರೆ ಹೋಗಲಿ ಎಂದು ನಂಜಪ್ಪನಂಥವನೇ ನಿಂತಿದ್ದಾನೆಂದರೆ ಆ ಘಳಿಗೆಯ ಗಾಂಭೀರ್ಯ ಊಹಿಸಿಕೊಳ್ಳಿ. ಮೇಷ್ಟ್ರು ಎಲ್ಲೋ ನೋಡುತ್ತಿದ್ದರು. ಬಸ್ಸು ತಿರುಗಿತು, ಎಡಗಡೆಯ ಮೂರನೆಯ ಕಿಟಕಿ ಎದುರಿಗೆ ಬಂತು. ಕೈ ಹೆಗಲಿಗೆ ಹೋಯಿತು. ಟವೆಲ್ಲು ಹಾರಿತು.

ಹಾರಿದ ಮೇಲೆ ಮೇಷ್ಟ್ರಿಗೆ ಗೊತ್ತಾಯಿತು. ಅಂಥ ಸೊಗಸಾದ ಎಸೆತವನ್ನು ನಾವು ಹಿಂದೆಂದೂ ಕಂಡಿರಲಿಲ್ಲ, ಅದನ್ನು ಎಸೆದವರ ಮುಖವನ್ನು ಮಾತ್ರ ನೋಡಲಾಗಲಿಲ್ಲ.

ಒಳಗೆ ಟವೆಲ್ಲು ಕಿಟಕಿಯ ಪಕ್ಕ ಹಾಸಿಕೊಂಡು ಬಿದ್ದಿತ್ತು. ಮೇಷ್ಟ್ರು ಅದರ ಮುಂದೆ ಹಿಂದಿನವರು ತಳ್ಳುವವರೆಗೂ ನಿಂತಿದ್ದರು. ಆಮೇಲೆ ಬಗ್ಗಿ ಅದನ್ನು ಎತ್ತಿಕೊಂಡರು. ಗುಂಡಿಗಳಿದ್ದ ಮೂಲೆಯನ್ನು ಹೆಬ್ಬೆಟ್ಟಿನಿಂದ ಒಮ್ಮೆ ಒತ್ತಿ ನೋಡಿ, ಮಡಿಸಿ, ಮಡಿಲಲ್ಲಿ ಇಟ್ಟುಕೊಂಡು ಕೂತರು. ಎಂದಿನ ಜಾಗದಲ್ಲೇ, ದಾರಿಯ ಕಡೆ. ಕಿಟಕಿಯ ಸೀಟು ಬರಿದಾಗಿ ಕಾಣಿಸಿತು. ಟವೆಲ್ಲಿಲ್ಲದೆ ಅದನ್ನು ಶನಿವಾರ ಯಾರೂ ನೋಡಿರಲಿಲ್ಲ.

ಅವರೆಕಾಯಿಯ ಖಾಲಿ ಚೀಲವನ್ನು ಕಂಕುಳಲ್ಲಿಟ್ಟುಕೊಂಡು ಬೆಟ್ಟಮ್ಮ ಹತ್ತಿದಳು. ಬೆಳಗಿನ ಅನುಭವದಿಂದ ಬುದ್ಧಿ ಕಲಿತಿದ್ದವಳು ಈ ಸಲ ಜರುಗಿ ಎನ್ನಲಿಲ್ಲ. ಮೇಷ್ಟ್ರ ಮುಂದೆ ನಿಂತು, ಖಾಲಿ ಸೀಟಿನ ಕಡೆ ಗದ್ದ ಎತ್ತಿ ಕೇಳಿದಳು.

"ಇಲ್ಲಿ ಜನ ಅವ್ರಾ ಸ್ವಾಮಿ?"

ಅಭ್ಯಾಸಬಲದಿಂದ ದೇವಯ್ಯ ಬಾಯಿ ತೆರೆದ. ನಂಜಪ್ಪ ಅರ್ಧ ಎದ್ದ. ಪವಿತ್ರ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಎಷ್ಟೋ ಶನಿವಾರಗಳಿಂದ ಒಂದು ಬಸ್ಸಿಗೆ ಬಸ್ಸೇ ಅವರಿಗಾಗಿ ಹೇಳಿಕೊಂಡು ಬಂದ ಉತ್ತರ ನಮ್ಮೆಲ್ಲರ ನಾಲಗೆಯ ತುದಿಯಲ್ಲಿತ್ತು. ಆದರೆ ಪ್ರಶ್ನೆ ಈ ಸಲ ನಮ್ಮನ್ನು ಕೇಳಿದ್ದಲ್ಲ. ಪೇಟೆಯ ಮಹಾವೀರ, ಟವೆಲ್ಲಸ್ತ್ರದ ಏಕೈಕ ಅಧಿಪತಿ, ಈ ಘಳಿಗೆಗೆ ತಕ್ಕ ಮಾತೊಂದನ್ನು ಆಡುತ್ತಾನೆ, ಅದನ್ನು ಕಲ್ಲಿನಲ್ಲಿ ಕೆತ್ತಿಸಿ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸೋಣ ಎಂದು ನಾವು ಉಸಿರು ಹಿಡಿದು ಕೂತೆವು.

ಮೇಷ್ಟ್ರು ಎದ್ದರು. ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟರು.

"ಇಲ್ಲಮ್ಮ, ಯಾರೂ ಇಲ್ಲ. ಒಳಗಡೆ ಕೂತ್ಕೊಳ್ಳಿ. ಕಿಟಕಿ ಸ್ವಲ್ಪ ಬಿಗಿ ಇದೆ, ಜೋರಾಗಿ ಎಳೀಬೇಕು."